ಮೂಗು ಕೊಟ್ಟ ತೀರ್ಪು

ಈಚೆಗೆ ಒಂದು ದಿನ ಬೆಂಗಳೂರಿನಿಂದ ಬಂದಿದ್ದ ಮಿತ್ರರೊಬ್ಬರನ್ನು ಕರೆದುಕೊಂಡು ಮಂಗಳೂರಿನ ಹಳೇ ಬಂದರದ ಕಡೆಗೆ ಹೋಗಿದ್ದೆ. ಮಿತ್ರರು ರಸಿಕರು. ದಕ್ಕೆ ನೋಡಬೇಕು, ದೋಣಿ ನೋಡಬೇಕು, ಹಂಚಿನ ಮಾಡಿನ ಹಳೆಯ ಗೋದಾಮುಗಳನ್ನು ನೋಡಬೇಕು ಎಂದು ಉತ್ಸಾಹದಿಂದಲೇ ಹೊರಟವರು. ಒಣಮೀನಿನ ಮಂಡಿಗಳಿರುವ ಓಣಿಯ ತಿರುವು ಬಂತೋ ಇಲ್ಲವೋ, ಕಿಸೆಯಿಂದ ಕರವಸ್ತ್ರ ಹೊರಬಂತು. ಕಾರಿನ ಗಾಜು ಮೇಲೇರಿತು. “ಅಲ್ರೀ, ಊರಿನ ನಡುವೆ ಇದನ್ನು ಹೇಗೆ ಇಟ್ಟುಕೊಂಡಿದ್ದೀರಿ? ಎತ್ತಿ ಊರ ಹೊರಗೆ ಹಾಕಬಾರದೆ?” ಎಂದರು. ಕರವಸ್ತ್ರದ ಮರೆಯಿಂದ ಬಂದ ಮಾತಾದ್ದರಿಂದ ಉಚ್ಚಾರ ಸ್ವಲ್ಪ ಅಸ್ಪಷ್ಟವಾಗಿತ್ತು. ಅಭಿಪ್ರಾಯ ಮಾತ್ರ ಬಹಳ ಸ್ಪಷ್ಟವಾಗಿತ್ತು.

ಈ ಅಭಿಪ್ರಾಯ ನನ್ನ ಮಿತ್ರರೊಬ್ಬರದೇ ಆಗಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ. ಆದರೆ ಇದೇ ಮಾತನ್ನು ನಾನು ಬಂದರದ ಹತ್ತಿರ ಹೊಸದಾಗಿ ಫ್ಲಾಟು ಕೊಂಡವರಿಂದ ಕೇಳಿದ್ದೇನೆ, ಊರು ಸ್ವಚ್ಛವಾಗಬೇಕೆಂದು ಭಾಷಣ ಮಾಡುವವರಿಂದ ಕೇಳಿದ್ದೇನೆ, ರಾತ್ರಿ ಊಟಕ್ಕೆ ತಾಜಾ ಮೀನನ್ನು ಚಪ್ಪರಿಸಿ ತಿನ್ನುವವರಿಂದಲೂ ಕೇಳಿದ್ದೇನೆ. ಒಂದು ವ್ಯಾಪಾರ ಬೇಕೋ ಬೇಡವೋ, ಅದು ಎಲ್ಲಿರಬೇಕು, ಅದಕ್ಕೆ ಸೂರು ಬೇಕೋ ಬೇಡವೋ ಎಂಬ ಪ್ರಶ್ನೆಗಳನ್ನೆಲ್ಲ ನಾವು ಮೂಗಿಗೆ ಒಪ್ಪಿಸಿಬಿಟ್ಟಿದ್ದೇವೆ. ಮೂಗು ಬಹಳ ಚುರುಕಾದ ನ್ಯಾಯಾಧೀಶ. ಸಾಕ್ಷಿ ಕೇಳುವುದಿಲ್ಲ, ವಾದ ಕೇಳುವುದಿಲ್ಲ, ಒಂದೇ ಉಸಿರಿಗೆ ತೀರ್ಪು ಕೊಡುತ್ತದೆ. ಆ ತೀರ್ಪಿನ ಮೇಲೆ ಇದು ನನ್ನ ಅಪೀಲು.

ಮೊದಲೇ ಒಂದು ಮಾತು ಹೇಳಿಬಿಡಬೇಕು. ನಾನು ಮೀನು ತಿನ್ನುವ ಮನೆಯಲ್ಲಿ ಹುಟ್ಟಿದವನಲ್ಲ, ಇಂದಿಗೂ ತಿನ್ನುವುದಿಲ್ಲ. ಆದ್ದರಿಂದ ನಾಲಗೆಯ ಪಕ್ಷಪಾತದಿಂದ ಬರೆಯುತ್ತಿದ್ದಾನೆ ಎಂದು ಯಾರೂ ನನ್ನ ಮೇಲೆ ಆರೋಪ ಹೊರಿಸುವಂತಿಲ್ಲ. ಹೊರಿಸಬಹುದಾದ ಇನ್ನೊಂದು ಆರೋಪವಿದೆ. ಅದನ್ನು ನಾನೇ ಮುಂದೆ ಹೊರಿಸಿಕೊಳ್ಳುತ್ತೇನೆ.

ಮಂಡಿಯೊಳಗೆ ಏನು ನಡೆಯುತ್ತದೆಂಬುದನ್ನು ಗಾಜು ಇಳಿಸಿ ನೋಡೋಣ. ಬೆಳಗಾಗುವ ಮೊದಲೇ ಲಾರಿಗಳು ಬಂದಿರುತ್ತವೆ. ಗೋಣಿಯಲ್ಲಿ ಬಿಗಿದ ಸರಕು ಇಳಿಯುತ್ತದೆ. ಬಂಗುಡೆ, ಬೂತಾಯಿ, ಕೊಲ್ಲತರು, ಒಣಸಿಗಡಿ, ನಂಗು, ತೊರಕೆ, ಎಲ್ಲಕ್ಕೂ ಬೇರೆ ಬೇರೆ ರಾಶಿ, ಬೇರೆ ಬೇರೆ ದರ. ಎಲ್ಲವೂ ನಮ್ಮ ಕಡಲಿನದೇ ಎಂದು ತಿಳಿಯಬೇಡಿ. ಬೊಂಬಿಲು ಉತ್ತರದ ಮೀನು. ಗುಜರಾತಿನ ಜಾಫರಾಬಾದಿನಂಥ ಕಡೆ ಗಳುಗಳ ಮೇಲೆ ಸಾಲಾಗಿ ತೂಗಿ ಒಣಗಿಸಿದ್ದು. ಲಕ್ಷದ್ವೀಪದ ಕಡೆಯ ಮಾಸ್ ಮೀನಿಗೂ ಈ ಬಂದರಕ್ಕೂ ಹಳೆಯ ನಂಟು. ಅಮಿನದೀವಿ ದ್ವೀಪಗಳು ೧೯೫೬ರ ತನಕ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು ಎಂಬುದು ಇಂದು ಎಷ್ಟು ಜನಕ್ಕೆ ನೆನಪಿದೆಯೋ! ಅಲ್ಲಿಯ ಓಡಗಳು ತೆಂಗಿನಕಾಯಿ, ಹುರಿಹಗ್ಗ, ಮಾಸ್ ಮೀನು ಹೊತ್ತು ತಂದು, ಇಲ್ಲಿಂದ ಅಕ್ಕಿ ಹೊತ್ತು ಹೋಗುತ್ತಿದ್ದವು.

ಕೊಳ್ಳಲು ಬರುವವರು ಎರಡು ಬಗೆ. ಒಬ್ಬರು ಘಟ್ಟದ ಮೇಲಿನ ಊರುಗಳಿಗೆ, ಕೇರಳಕ್ಕೆ ಲಾರಿಗಟ್ಟಲೆ ಕಳಿಸುವ ದೊಡ್ಡವರು. ಇನ್ನೊಬ್ಬರು ಮೊದಲ ಬಸ್ಸಿಗೆ ಬಂದಿಳಿಯುವ ಹೆಂಗಸರು. ಒಂದು ಗೋಣಿ, ಹೆಚ್ಚೆಂದರೆ ಎರಡು ಗೋಣಿ ಕೊಂಡು ಪುತ್ತೂರು, ಸುಳ್ಯ, ಬೆಳ್ತಂಗಡಿಗಳ ಸಂತೆಗೆ ಹೊರಡುವವರು. ಗೋಣಿಯ ಬಾಯಿ ಬಿಚ್ಚಿ ಒಂದು ಮೀನು ತೆಗೆದು ಬಾಗಿಸಿ ನೋಡುತ್ತಾರೆ. ಒಣಗಿದ್ದು ಲಟ್ಟನೆ ಮುರಿಯುತ್ತದೆ, ಹಸಿ ಉಳಿದದ್ದು ಬಾಗುತ್ತದೆ. ಅಂಗೈಯಲ್ಲಿ ಉಜ್ಜಿ ಮರಳೆಷ್ಟು, ಉಪ್ಪೆಷ್ಟು ಎಂದು ನೋಡುತ್ತಾರೆ. ಕೊನೆಗೆ ಮೂಗಿನ ಹತ್ತಿರ ಹಿಡಿಯುತ್ತಾರೆ. ಗಮನಿಸಿ: ಅವರೂ ಮೂಗಿನಿಂದಲೇ ತೀರ್ಪು ಕೊಡುತ್ತಾರೆ. ಆದರೆ ಅವರ ಮೂಗು ಒಣಗಿದ ಮೀನಿನ ವಾಸನೆ ಯಾವುದು, ಕೊಳೆತ ಮೀನಿನ ನಾತ ಯಾವುದು ಎಂದು ಬೇರ್ಪಡಿಸಬಲ್ಲ ಮೂಗು. ನಮ್ಮದು ಎರಡನ್ನೂ ಒಂದೇ ಮಾಡಿ ಗಾಜು ಏರಿಸುವ ಮೂಗು.

ವಾಸನೆಯ ವಿಷಯ ಬಂದಾಗ ಇನ್ನೊಂದು ಮಾತು. ನಮ್ಮ ಮನೆಗಳಲ್ಲಿ ಇಂಗಿನ ಡಬ್ಬಿ ಇರುತ್ತದೆ. ಆ ಡಬ್ಬಿಯ ಮುಚ್ಚಳ ತೆಗೆದು, ಇಂಗು ಎಂದರೇನೆಂದೇ ತಿಳಿಯದ ಪರದೇಶಿಯೊಬ್ಬನ ಮೂಗಿಗೆ ಹಿಡಿದು ನೋಡಿ. ಆತ ನಮ್ಮನ್ನೂ ಊರ ಹೊರಗೆ ಹಾಕಿಸಲು ಅರ್ಜಿ ಬರೆದಾನು! ಬಾಣಲೆಯಲ್ಲಿ ತುಪ್ಪಕ್ಕೆ ಬಿದ್ದ ಇಂಗು ನಮಗೆ ಪರಿಮಳ. ಕೆಂಡದ ಮೇಲೆ ಬಿದ್ದ ಒಣಮೀನು ಇನ್ನೊಬ್ಬರಿಗೆ ಪರಿಮಳ. ಹೊರಗೆ ಮಳೆ ಹೊಯ್ಯುತ್ತಿರುವಾಗ, ಬಿಸಿ ಕುಚ್ಚಲಕ್ಕಿ ಗಂಜಿಯ ಜೊತೆಗೆ ಒಂದು ಸುಟ್ಟ ಬಂಗುಡೆ, ಒಂದಿಷ್ಟು ಒಣಸಿಗಡಿ ಚಟ್ನಿ ಇದ್ದರೆ ಸ್ವರ್ಗವೂ ಬೇಡವೆಂದು ಹೇಳುವವರನ್ನು ನಾನು ಬಲ್ಲೆ. ನನಗೆ ಆ ಸ್ವರ್ಗ ಬೇಕಿಲ್ಲ. ಬೇಕೆನ್ನುವವರ ಸ್ವರ್ಗಕ್ಕೆ ಬೀಗ ಹಾಕುವ ಅಧಿಕಾರವೂ ನನಗಿಲ್ಲ.

ಮೇಲಾಗಿ ಇದು ಬರೀ ರುಚಿಯ ಪ್ರಶ್ನೆಯಲ್ಲ. ಮಳೆಗಾಲದಲ್ಲಿ ಕಡಲು ಮುಚ್ಚುತ್ತದೆ. ಈಗ ಜೂನ್ ೧ರಿಂದ ಜುಲೈ ೩೧ರ ತನಕ, ೬೧ ದಿನ, ನಮ್ಮ ಕರಾವಳಿಯಲ್ಲಿ ಯಂತ್ರದ ದೋಣಿಗಳು ಮೀನು ಹಿಡಿಯಲು ಹೋಗುವಂತಿಲ್ಲ. ಮೀನಿನ ಸಂತಾನ ಉಳಿಯಬೇಕೆಂಬ ಒಳ್ಳೆಯ ಉದ್ದೇಶದ ನಿಯಮ ಅದು. ಆ ಕಾಲದಲ್ಲಿ ತಾಜಾ ಮೀನು ದುಬಾರಿ. ಕೂಲಿಯವನ ಕೈಗೆ ಎಟುಕದು. ಹಿಂದೆ ಆತನನ್ನು ಕಾಪಾಡಿದ್ದು ಒಣಮೀನು, ಇಂದಿಗೂ ಕಾಪಾಡುವುದು ಒಣಮೀನೇ. ಕಡಲನ್ನೇ ಕಾಣದ ಘಟ್ಟದ ಮೇಲಿನ ತೋಟದ ಲೈನುಗಳಲ್ಲಿ, ಮಲೆನಾಡಿನ ಸಂತೆಗಳಲ್ಲಿ, ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಇದರ ಹೆಸರು ಕರಿಮೀನು. ಬದನೆಕಾಯಿಯ ಜೊತೆಗೋ ಅವರೆಕಾಳಿನ ಜೊತೆಗೋ ಅದರ ಸಾರು, ಪಕ್ಕದಲ್ಲಿ ರಾಗಿಮುದ್ದೆ. ಹಸಿಮೀನಿನ ತೂಕದಲ್ಲಿ ಮುಕ್ಕಾಲು ಪಾಲು ನೀರು. ಆ ನೀರನ್ನು ಬಿಸಿಲು ಹೀರಿಕೊಂಡ ಮೇಲೆ ಉಳಿಯುವುದು ಸತ್ತ್ವ. ಉಪ್ಪು ಕಡಮೆ ಹಾಕಿ ಚೆನ್ನಾಗಿ ಒಣಗಿಸಿದ ಸಣ್ಣಮೀನಿನಲ್ಲಿ ತೂಕದ ಅರ್ಧಕ್ಕಿಂತ ಹೆಚ್ಚು ಪ್ರೋಟೀನು. ಎಲುಬು ಸಹಿತ ತಿನ್ನುವುದರಿಂದ ಸುಣ್ಣದ ಅಂಶವೂ ಧಾರಾಳ. ಮಂಜುಗಡ್ಡೆ ಬೇಡ, ವಿದ್ಯುತ್ತು ಬೇಡ, ತಣ್ಣಗಿನ ಪೆಟ್ಟಿಗೆ ಬೇಡ. ಬಡವನ ಮನೆಯ ಅಟ್ಟದ ಮೇಲೆ ಒಂದು ಮಡಕೆಯಲ್ಲಿ ಮಳೆಗಾಲವಿಡೀ ಇರುತ್ತದೆ. ಅಪೌಷ್ಟಿಕತೆಯ ಮೇಲೆ ನಾವು ಸಭೆ ನಡೆಸುತ್ತೇವೆ. ಆ ಸಭೆಯ ಕಿಟಕಿಯ ಹೊರಗೆ ಹಾದುಹೋಗುವ ಒಣಮೀನಿನ ಬುಟ್ಟಿಗೆ ಮೂಗು ಮುಚ್ಚಿಕೊಳ್ಳುತ್ತೇವೆ.

ಪರಕೀಯರ ಸರಕಾರಕ್ಕೂ ಈ ಬುಟ್ಟಿ ಕಂಡಿತ್ತು ಎಂದರೆ ಓದುಗರಿಗೆ ಆಶ್ಚರ್ಯವಾಗಬಹುದು. ಉಪ್ಪಿನ ಮೇಲೆ ತೆರಿಗೆ ಹಾಕಿದ ಸರಕಾರವೇ ಅದು. ಉಪ್ಪು ತುಟ್ಟಿಯಾದಾಗ ಮೀನುಗಾರರು ಕೈ ಬಿಗಿಹಿಡಿದು ಉಪ್ಪು ಹಾಕಿದರು, ಮೀನು ಕೆಟ್ಟಿತು. ಫ್ರಾನ್ಸಿಸ್ ಡೇ ಎಂಬ ವೈದ್ಯ ಭಾರತದ ಕಡಲಮೀನುಗಳ ಮೇಲೆ ೧೮೭೩ರಲ್ಲಿ ವರದಿ ಬರೆದವನು. ಉಪ್ಪಿನ ತೆರಿಗೆಗೂ ಕೆಟ್ಟ ಮೀನಿಗೂ ಇರುವ ಸಂಬಂಧ ಅವನ ಕಣ್ಣಿಗೆ ಬಿದ್ದಿತ್ತು. ಆ ದಶಕದಿಂದ ಮುಂದೆ ಮದ್ರಾಸು ಪ್ರಾಂತದ ಕರಾವಳಿಯಲ್ಲಿ, ನಮ್ಮ ದಕ್ಷಿಣ ಕನ್ನಡವೂ ಸೇರಿ, ಮೀನಿಗೆ ಉಪ್ಪು ಹಾಕುವ ಸರಕಾರಿ ಯಾರ್ಡುಗಳು ಎದ್ದವು. ಅಲ್ಲಿ ಮೀನಿಗೆಂದು ತೆರಿಗೆಯಿಲ್ಲದ ಉಪ್ಪು ಸಿಗುತ್ತಿತ್ತು. ಆ ಸರಕಾರ ಧರ್ಮಾತ್ಮರದೆಂದು ನಾನು ಹೇಳುತ್ತಿಲ್ಲ. ಉಪ್ಪು ಕದ್ದು ಹೊರಗೆ ಹೋಗದಂತೆ ಕಾಯುವುದೂ ಆ ಬೇಲಿಯ ಕೆಲಸವಾಗಿತ್ತು. ಆದರೂ ಒಣಮೀನು ಎಂಬುದೊಂದು ಉದ್ಯೋಗ, ಅದಕ್ಕೊಂದು ಜಾಗ ಬೇಕು, ಉಪ್ಪು ಬೇಕು, ಲೆಕ್ಕ ಬೇಕು ಎಂಬಷ್ಟು ಅರಿವು ಅದಕ್ಕಿತ್ತು.

ಆಮೇಲೆ ೧೯೩೦ರಲ್ಲಿ ಅಂಕೋಲೆಯ ಕಡಲತೀರದಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ೧೯೪೭ರಲ್ಲಿ ಉಪ್ಪಿನ ತೆರಿಗೆ ಹೋಯಿತು. ಮಂಜುಗಡ್ಡೆಯ ಕಾರ್ಖಾನೆಗಳು ಬಂದವು, ಯಂತ್ರದ ದೋಣಿ ಬಂತು, ಸಿಗಡಿ ಹಡಗೇರಿ ವಿದೇಶಕ್ಕೆ ಹೋಗತೊಡಗಿತು. ೧೯೬೯ರಲ್ಲಿ ಮಂಗಳೂರಿನಲ್ಲಿ ಮೀನುಗಾರಿಕೆಯ ಕಾಲೇಜೂ ತೆರೆಯಿತು. ಎಲ್ಲವೂ ಸಂತೋಷದ ಸಂಗತಿ. ಆದರೆ ಈ ಸಂಭ್ರಮದಲ್ಲಿ ಒಣಮೀನು ‘ಹಿಂದುಳಿದ ಕಾಲದ್ದು’ ಎನಿಸಿಕೊಂಡಿತು. ಡಾಲರು ತರುವ ಮೀನಿಗೆ ಜೆಟ್ಟಿ, ಶೀತಾಗಾರ, ಸಬ್ಸಿಡಿ. ಗಂಜಿಯ ಜೊತೆಗೆ ಹೋಗುವ ಮೀನಿಗೆ ರಸ್ತೆಯ ಅಂಚು, ಹರಿದ ಟಾರ್ಪಾಲು.

ಇನ್ನು ನನ್ನ ಮೇಲಿನ ಆರೋಪ. ಮೂವತ್ತು ವರ್ಷಗಳ ಕೆಳಗೆ ನಾನು ಈ ಊರಿನ ಒಂದು ಬ್ಯಾಂಕಿನಲ್ಲಿ ಸಾಲದ ವಿಭಾಗ ನೋಡಿಕೊಳ್ಳುತ್ತಿದ್ದೆ. ಒಂದು ಏಪ್ರಿಲ್ ತಿಂಗಳಲ್ಲಿ ಒಬ್ಬ ಹೆಂಗಸು ಬಂದರು. ಐವತ್ತರ ಆಚೆಯ ವಯಸ್ಸು. ಬಿಸಿಲಿನ ದಿನಗಳಲ್ಲಿ ಸರಕು ಅಗ್ಗ. ಆಗ ಕೊಂಡಿಟ್ಟು ಮಳೆಗಾಲದಲ್ಲಿ ಸಂತೆಗೆ ಒಯ್ದರೆ ಎರಡು ಕಾಸು ಉಳಿಯುತ್ತದೆ, ಅದಕ್ಕೆ ಹತ್ತು ಸಾವಿರ ರೂಪಾಯಿ ಸಾಲ ಬೇಕು ಎಂದರು. ಲೆಕ್ಕ ಬಾಯಲ್ಲೇ ಹೇಳಿದರು; ತಪ್ಪಿರಲಿಲ್ಲ. ಅವರ ಸೀರೆಯಿಂದ ಒಣಮೀನಿನ ವಾಸನೆ ಬರುತ್ತಿತ್ತು. ಪಕ್ಕದ ಮೇಜಿನ ಸಹೋದ್ಯೋಗಿ ಎದ್ದು ಫ್ಯಾನಿನ ವೇಗ ಹೆಚ್ಚಿಸಿದ್ದು ನನಗೆ ಇಂದಿಗೂ ನೆನಪಿದೆ. ಆ ಹೆಂಗಸೂ ಅದನ್ನು ನೋಡಿದರು.

ದಾಸ್ತಾನು ಇಡುವ ಜಾಗವನ್ನು ನಾನು ಹೋಗಿ ನೋಡಬೇಕಾಗಿತ್ತು, ಹೋಗಲಿಲ್ಲ. ಅರ್ಜಿಯ ಮೇಲೆ, “ಸರಕು ಬೇಗ ಕೆಡುವ ಸ್ವಭಾವದ್ದು, ದಾಸ್ತಾನಿನ ಪರಿಶೀಲನೆ ಕಷ್ಟ” ಎಂದು ಬರೆದು ತಿರಸ್ಕರಿಸಿದೆ. ಅದೇ ವಾರ ಗೇರುಬೀಜದ ವ್ಯಾಪಾರಿಯೊಬ್ಬರಿಗೆ ಅದರ ಎಷ್ಟೋ ಪಟ್ಟು ಸಾಲಕ್ಕೆ ಶಿಫಾರಸು ಮಾಡಿದೆ. ಅವರ ಗೋದಾಮಿಗೆ ಮಾತ್ರ ಹೋಗಿ ಬಂದಿದ್ದೆ, ಕಾಫಿಯನ್ನೂ ಕುಡಿದಿದ್ದೆ. ಕಾರಣವನ್ನು ಓದಿ ಹೇಳಿದಾಗ ಆ ಹೆಂಗಸು ಕೇಳಿದ ಪ್ರಶ್ನೆ ಒಂದೇ: “ಕೆಡುವುದಾದರೆ ಒಣಗಿಸುವುದು ಯಾಕೆ ಸ್ವಾಮೀ?”

ನನ್ನ ಬಳಿ ಉತ್ತರವಿರಲಿಲ್ಲ. ಸಾವಿರಾರು ವರ್ಷಗಳಿಂದ ಮನುಷ್ಯ ಮೀನನ್ನು ಒಣಗಿಸುತ್ತ ಬಂದಿರುವುದೇ ಅದು ಕೆಡಬಾರದೆಂದು. ಅಷ್ಟು ಸರಳವಾದ ಸಂಗತಿ, ಎರಡು ಪದವಿ ಪಡೆದ ನನ್ನ ತಲೆಗೆ ಹೊಳೆಯದಂತೆ ಮೂಗು ಅಡ್ಡ ನಿಂತಿತ್ತು.

ಮುಂದೆ ಆದದ್ದನ್ನೂ ಹೇಳಬೇಕು. ಅವರು ಮಂಡಿಯ ಧನಿಯಿಂದಲೇ ಸಾಲ ತೆಗೆದುಕೊಂಡರು, ದುಡ್ಡಾಗಿ ಅಲ್ಲ, ಸರಕಾಗಿ. ಹೀಗೆ ಸಾಲ ತೆಗೆದವರು ಬೇರೆ ಮಂಡಿಯ ಮೆಟ್ಟಿಲು ಹತ್ತುವಂತಿಲ್ಲ. ಧನಿ ಹೇಳಿದ್ದೇ ದರ, ಧನಿಯ ತಕ್ಕಡಿಯದೇ ತೂಕ. ಆ ವರ್ಷ ಮಳೆ ಬಲವಾಗಿ ಹಿಡಿಯಿತು. ಮನೆಯ ಜಗಲಿಯಲ್ಲಿಟ್ಟಿದ್ದ ಗೋಣಿಗಳಿಗೆ ನೀರು ತಗುಲಿ ಬೂಷ್ಟು ಬಂತು. ಸರಕು ಹೋಯಿತು, ಸಾಲ ಉಳಿಯಿತು. ಎರಡು ವರ್ಷ ಕಳೆದು ದಕ್ಕೆಯಲ್ಲಿ ಅವರನ್ನು ಕಂಡೆ. ಸ್ವಂತ ವ್ಯಾಪಾರವಿಲ್ಲ, ಬೇರೆಯವರ ಮೀನನ್ನು ದಿನಗೂಲಿಗೆ ಒಣಹಾಕುತ್ತಿದ್ದರು. ನನ್ನ ಗುರುತು ಹಿಡಿದು, “ಸೌಖ್ಯವೇ ಸ್ವಾಮೀ?” ಎಂದರು. ಬೈದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಮಿತ್ರರು ಬಿಡುವವರಲ್ಲ. “ಹಾಗಾದರೆ ಅಲ್ಲಿ ಕೊಳೆಯೇ ಇಲ್ಲವೆ?” ಎಂದು ಕೇಳಿದರು. ಇದೆ, ಇಲ್ಲವೆಂದು ವಾದಿಸಿದರೆ ನಾನು ಸುಳ್ಳುಗಾರನಾಗುತ್ತೇನೆ. ಮರಳ ಮೇಲೆ, ರಸ್ತೆಯ ಅಂಚಿನಲ್ಲಿ ಹರಡಿದ ಮೀನಿಗೆ ಮಣ್ಣು ಸೇರುತ್ತದೆ, ನಾಯಿ ಕಾಗೆ ಬಾಯಿ ಹಾಕುತ್ತವೆ. ಅರೆ ಒಣಗಿದ ಮೀನಿಗೆ ನೊಣ ಮುತ್ತಿ ಹುಳ ಬೀಳುತ್ತದೆ. ಒಣಗಿದ್ದನ್ನೂ ದಾಸ್ತಾನಿನಲ್ಲಿ ಕೊರೆಯುವ ದುಂಬಿಗಳಿವೆ. ಕೊಳಕು ಉಪ್ಪು ಹಾಕಿದರೆ ಮೀನಿಗೆ ಕೆಂಪು ಹಿಡಿಯುತ್ತದೆ. ಹುಳವನ್ನು ತಡೆಯಲು ಹೊಲಕ್ಕೆ ಹೊಡೆಯುವ ವಿಷವನ್ನು ಮೀನಿಗೆ ಸಿಂಪಡಿಸುವ ಪಾಪಿಗಳೂ ಇದ್ದಾರೆ. ಅವರನ್ನು ಹಿಡಿದು ಶಿಕ್ಷಿಸಿ. ನಾನು ಸಾಕ್ಷಿ ಹೇಳಲು ಬರುತ್ತೇನೆ.

ಆದರೆ ಪ್ರತಿಯೊಂದು ದೋಷದ ಬೇರನ್ನೂ ಹಿಡಿದು ಎಳೆಯಿರಿ, ಏನು ಬರುತ್ತದೆ? ಮರಳು ಸೇರುವುದು ಒಣಹಾಕುವ ಅಟ್ಟಣೆಯಿಲ್ಲದ್ದರಿಂದ. ನೆಲದಿಂದ ಸೊಂಟದೆತ್ತರಕ್ಕೆ ಬಿದಿರು ಕಟ್ಟಿ ಬಲೆ ಹಾಸಿದರೆ ಮೀನು ಮೇಲಿನಿಂದಲೂ ಕೆಳಗಿನಿಂದಲೂ ಗಾಳಿಗೆ ಒಣಗುತ್ತದೆ. ಮಣ್ಣೂ ಇಲ್ಲ, ನಾಯಿಯೂ ಇಲ್ಲ. ಹುಳ ಬೀಳುವುದು ಮೋಡ ಕವಿದ ದಿನ ಬೇಗ ಒಣಗಿಸುವ ಉಪಾಯವಿಲ್ಲದ್ದರಿಂದ. ಕೊಚ್ಚಿಯಲ್ಲಿರುವ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ಸೂರ್ಯನ ಶಾಖದಿಂದ ನಡೆಯುವ ಒಣಗೂಡುಗಳನ್ನು ರೂಪಿಸಿದ್ದಾರೆ. ವಿದ್ಯೆ ಇದೆ, ಅದು ಕಡಲತೀರದ ಹೆಂಗಸಿನ ಕೈಗೆ ಬಂದು ಮುಟ್ಟಬೇಕು. ಬೂಷ್ಟು ಬರುವುದು ಸೂರಿಲ್ಲದ್ದರಿಂದ. ಅಂದಮೇಲೆ ಒಣಮೀನು ನಾರುತ್ತಿಲ್ಲ. ನಾರುತ್ತಿರುವುದು ನಮ್ಮ ಅಲಕ್ಷ್ಯ. ಅಲಕ್ಷ್ಯ ಮಾಡಿ ಕೊಳೆಸುವುದು ನಾವು, ಕೊಳೆತಿದೆ ಎಂದು ಶಿಕ್ಷೆ ವಿಧಿಸುವುದೂ ನಾವು!

ಇನ್ನೂ ಒಂದು ಸ್ಪರ್ಧೆಯಿದೆ. ಕರಾವಳಿಯಲ್ಲಿ ಮೀನಿನ ಹುಡಿ ಮತ್ತು ಮೀನೆಣ್ಣೆಯ ಕಾರ್ಖಾನೆಗಳು ಸಾಲಾಗಿ ನಿಂತಿವೆ. ಹಿಂದೆ ಒಣಗಿ ಬಡವನ ಅಟ್ಟ ಸೇರುತ್ತಿದ್ದ ಬೂತಾಯಿ, ಸಣ್ಣಮೀನುಗಳು ಈಗ ಲಾರಿಗಟ್ಟಲೆ ಅಲ್ಲಿಗೆ ಹೋಗಿ ಕೋಳಿಯ, ಸಾಕುಮೀನಿನ ಆಹಾರವಾಗುತ್ತವೆ. ಆ ಕಾರ್ಖಾನೆಗಳಿಗೂ ವಾಸನೆಯಿದೆ, ನೆರೆಹೊರೆಯವರ ದೂರೂ ಇದೆ. ಆದರೆ ಅದಕ್ಕೆ ‘ಕೈಗಾರಿಕೆ’ ಎಂಬ ಗೌರವದ ಹೆಸರು ಸಿಕ್ಕಿಬಿಟ್ಟಿದೆ. ಬಂಡವಾಳದ ವಾಸನೆಯನ್ನು ನಮ್ಮ ಮೂಗು ಸಹಿಸಿಕೊಳ್ಳುತ್ತದೆ. ಬುಟ್ಟಿಯ ವಾಸನೆಯನ್ನು ಸಹಿಸುವುದಿಲ್ಲ.

ಊರ ಹೊರಗೆ ಹಾಕಬೇಕೆಂಬವರು ಒಂದು ಲೆಕ್ಕ ಮಾಡಿ ನೋಡಲಿ. ಮಂಡಿಯನ್ನು ಹತ್ತು ಮೈಲಿ ಆಚೆಗೆ ಎಸೆದರೆ ದೊಡ್ಡ ವ್ಯಾಪಾರಿಗೆ ನಷ್ಟವೇನೂ ಇಲ್ಲ. ಆತನಿಗೆ ಲಾರಿಯಿದೆ, ಕಿಸೆಯಲ್ಲಿ ಫೋನಿದೆ. ನಷ್ಟವಾಗುವುದು ಮೊದಲ ಬಸ್ಸಿಗೆ ಬಂದು ಒಂದು ಗೋಣಿ ಕೊಳ್ಳುವ ಹೆಂಗಸಿಗೆ. ಬಸ್ಸಿನಲ್ಲಿ ಗೋಣಿ ಹತ್ತಿಸಲು ಈಗಲೇ ಕಂಡಕ್ಟರನ ಕೃಪೆ ಬೇಕು. ಅಷ್ಟು ದೂರದಿಂದ ಆಟೋ ಮಾಡಿದರೆ ಆಕೆಯ ಲಾಭ ಆಟೋದಲ್ಲೇ ಇಳಿದುಹೋಗುತ್ತದೆ. ಅಂದರೆ ಸ್ಥಳಾಂತರದ ಹೆಸರಿನಲ್ಲಿ ನಾವು ಊರ ಹೊರಗೆ ಹಾಕುವುದು ಮೀನನ್ನಲ್ಲ, ಅವಳನ್ನು. ಜೊತೆಗೆ, ಕಣ್ಣಿಗೆ ಕಾಣದ ಕಡೆಗೆ ಹೋದ ಕೊಳೆಗೆ ಪೊರಕೆಯೂ ತಲುಪುವುದಿಲ್ಲ, ಆಹಾರ ಪರಿಶೀಲಕರೂ ತಲುಪುವುದಿಲ್ಲ.

ಹಾಗಾದರೆ ಏನು ಬೇಕು? ಚಂದ್ರಲೋಕವನ್ನು ಯಾರೂ ಕೇಳುತ್ತಿಲ್ಲ. ಇದ್ದಲ್ಲಿಯೇ ಗಾಳಿಯಾಡುವ, ಸೋರದ ಒಂದು ಸೂರು. ತೊಳೆಯಲು ಬರುವ ಸಿಮೆಂಟಿನ ನೆಲ, ನೀರು, ಚರಂಡಿ. ಮೀನಿಳಿಯುವ ತೀರಗಳಲ್ಲಿ ಒಣಹಾಕುವ ಅಟ್ಟಣೆ. ಎಲ್ಲರ ಕಣ್ಣೆದುರಿಗಿರುವ ಒಂದು ಸಾರ್ವಜನಿಕ ತಕ್ಕಡಿ. ಅಡಕೆ, ಗೇರುಬೀಜಗಳ ಮೇಲೆ ಕೊಡುವಂತೆ ಒಣಮೀನಿನ ದಾಸ್ತಾನಿನ ಮೇಲೂ ಸಾಲ; ಅದಕ್ಕೆ ಮೊದಲು ಸಾಲ ಕೊಡುವವರು ಖುದ್ದಾಗಿ ಹೋಗಿ ದಾಸ್ತಾನು ನೋಡುವ ಕಷ್ಟ.

ಕೊನೆಯದು ಎಲ್ಲಕ್ಕಿಂತ ಅಗ್ಗದ್ದು. ಅದು ಪತ್ರಿಕೆಗಳವರ ಕೈಯಲ್ಲಿದೆ. ದಿನ ಬೆಳಗಾದರೆ ನಾನು ಪತ್ರಿಕೆಯಲ್ಲಿ ಧಾರಣೆಯ ಪಟ್ಟಿ ನೋಡುತ್ತೇನೆ. ಅಡಕೆಯ ಧಾರಣೆ ಇದೆ. ಅದರಲ್ಲೂ ಹೊಸತು, ಹಳತು ಎಂದು ಭೇದವಿದೆ. ಕೊಬ್ಬರಿ, ಕರಿಮೆಣಸು, ಕಾಫಿ, ರಬ್ಬರು, ಚಿನ್ನ, ಬೆಳ್ಳಿ ಇವೆ. ಒಣಬಂಗುಡೆಯ ಧಾರಣೆಯನ್ನು ನಾನು ಈ ತನಕ ಕಂಡಿಲ್ಲ. ಧಾರಣೆ ಅಚ್ಚಾಗದ ಸರಕಿಗೆ ಧನಿ ಹೇಳಿದ್ದೇ ಧಾರಣೆ. ನಿನ್ನೆ ಬಂಗುಡೆ ಯಾವ ದರಕ್ಕೆ ಹೋಯಿತೆಂದು ತಿಳಿದಿದ್ದರೆ ಒಂದು ಗೋಣಿಯ ಹೆಂಗಸು ತಲೆಯೆತ್ತಿ ಚೌಕಾಸಿ ಮಾಡಿಯಾಳು. ಎರಡು ಸಾಲಿನ ಅಚ್ಚು ಸಾಕು. ಕಾಗದಕ್ಕೆ ವಾಸನೆಯಂತೂ ಹತ್ತುವುದಿಲ್ಲ.

ನನ್ನ ಮಿತ್ರರು ಬೆಂಗಳೂರಿಗೆ ಮರಳಿದರು. ಹೊರಡುವ ಮುನ್ನ ಸ್ವಲ್ಪ ಸಂಕೋಚದಿಂದ ಒಂದು ಮಾತು ಹೇಳಿದರು. ಅವರ ಮನೆಯಲ್ಲಿ ಕೆಲಸಕ್ಕೆ ಬರುವಾಕೆ ಹಾಸನದ ಕಡೆಯವಳಂತೆ. ಮಂಗಳೂರಿಗೆ ಹೋಗುತ್ತಿದ್ದೇನೆಂದಾಗ ಒಂದಿಷ್ಟು ಕರಿಮೀನು ತಂದುಕೊಡಿ ಎಂದಿದ್ದಳಂತೆ. ಇವರು ನಕ್ಕು ಸುಮ್ಮನಾಗಿದ್ದರಂತೆ. ನಾನು ಏನೂ ಹೇಳದೆ ಮತ್ತೆ ಬಂದರಕ್ಕೆ ಹೋಗಿ, ಒಂದು ಗೋಣಿಯ ವ್ಯಾಪಾರಿಯೊಬ್ಬರಿಂದ ಎರಡು ಕಿಲೋ ಕೊಂಡು, ಮೂರು ಸುತ್ತು ಕಾಗದದಲ್ಲಿ ಕಟ್ಟಿಸಿ ಅವರ ಪೆಟ್ಟಿಗೆಯ ಪಕ್ಕದಲ್ಲಿಟ್ಟೆ. ದಾರಿಯುದ್ದಕ್ಕೂ ಅವರು ಕಾರಿನ ಗಾಜು ಏರಿಸಿದ್ದರೋ ಇಳಿಸಿದ್ದರೋ ನಾನು ವಿಚಾರಿಸಲಿಲ್ಲ.